ಬ್ಯಾರನ್ ಸೀಮೆಗೆ ಬಂದ ಏರ್‌ಫ್ರೈಯರ್

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಟಿ.ವಿ., ಫ್ರಿಜ್ ಅಂಗಡಿಗಳ ವ್ಯಾಪಾರ ಬೆಳೆಯ ಹಿಂದೆಯೇ ಓಡುತ್ತದೆ. ಕೆ.ಆರ್. ನಗರದಲ್ಲಿ ಭತ್ತ ಒಕ್ಕಿ ದುಡ್ಡು ಕೈ ಸೇರಬೇಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾಗಬೇಕು. ಎಚ್.ಡಿ. ಕೋಟೆಯಲ್ಲಿ ಹತ್ತಿಗೋ ಶುಂಠಿಗೋ ರೇಟು ನಿಲ್ಲಬೇಕು. ಆಮೇಲೆ ನೋಡಿ, ಗೂಡ್ಸ್ ಆಟೋಗಳಲ್ಲಿ ರಟ್ಟಿನ ಪೆಟ್ಟಿಗೆಗಳು ಹಳ್ಳಿಗಳತ್ತ ಹೊರಡುತ್ತವೆ. ಮಿಕ್ಸಿ, ಗ್ರೈಂಡರ್, ಇಂಡಕ್ಷನ್ ಸ್ಟೌ ಆದ ಮೇಲೆ ಈಗ ಆ ಪೆಟ್ಟಿಗೆಗಳ ಸಾಲಿಗೆ ಏರ್‌ಫ್ರೈಯರ್ ಸೇರಿದೆ.

ಜಾಹೀರಾತಿನಲ್ಲಿ ಇದು ಬೆಂಗಳೂರಿನ ಫ್ಲ್ಯಾಟಿನ ವಸ್ತು. ಬಿಳಿ ಅಡುಗೆಕಟ್ಟೆ, ಗಂಡ, ಹೆಂಡತಿ, ಒಂದು ಮಗು, ಬುಟ್ಟಿ ತುಂಬ ಫ್ರೆಂಚ್ ಫ್ರೈಸ್. ಮುದ್ದೆ, ಉಪ್ಸಾರು ಉಣ್ಣುವ, ಆರೇಳು ಜನರಿರುವ, ಹಬ್ಬಕ್ಕೆ ಬಾಣಲೆಗಟ್ಟಲೆ ಕರಿಯುವ, ಗೃಹಜ್ಯೋತಿಯ ಯೂನಿಟ್ ಲೆಕ್ಕ ಇಟ್ಟುಕೊಳ್ಳುವ ಮನೆಗೆ ಅದು ಬಂದರೆ ಏನಾಗುತ್ತದೆ? ಯಾವ ಮನೆಗೆ ಯಾವುದು ಸರಿಹೋದೀತು? ಅದನ್ನು ನೋಡೋಣವೆಂದು ಕೆ.ಆರ್. ನಗರದಿಂದ ಹೊರಟು ಹುಣಸೂರು, ಪಿರಿಯಾಪಟ್ಟಣ, ಮತ್ತೆ ಹುಣಸೂರು ಮೇಲೆ ಹಾಯ್ದು ಎಚ್.ಡಿ. ಕೋಟೆಯವರೆಗೆ ಸುತ್ತಿದೆ. ಅಂಗಡಿಯಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚಿನ ಉತ್ತರ ಸಿಕ್ಕಿದ್ದು ಅಡುಗೆಮನೆಗಳಲ್ಲಿ, ವೈರಿಂಗ್ ಕೆಲಸದವರ ಬಳಿ.

ಕೆ.ಆರ್. ನಗರ: ಲೀಟರ್ ಬಿಡಿ, ತಳ ನೋಡಿ

ಎಡತೊರೆಯ ಅರ್ಕೇಶ್ವರ ಕಾವೇರಿ ದಡದಲ್ಲೇ ಉಳಿದ. ಪ್ರವಾಹದ ಕಾಟಕ್ಕೆ ಬೇಸತ್ತ ಊರು ಎತ್ತರದ ಜಾಗಕ್ಕೆ ಬಂದು ಕೃಷ್ಣರಾಜನಗರವಾಯಿತು. ನಕ್ಷೆ ಹಾಕಿ ಕಟ್ಟಿದ ಊರಾದ್ದರಿಂದ ಬೀದಿಗಳು ನೇರ, ಅಗಲ. ಅಂಗಡಿ ಸಾಲಿನಲ್ಲಿ ನಡೆಯುವುದು ಸಲೀಸು.

ನಾನು ಹೊಕ್ಕ ಅಂಗಡಿಯಲ್ಲಿ ಏರ್‌ಫ್ರೈಯರ್‌ಗಳಿಗೆ ಜಾಗ ಸಿಕ್ಕಿದ್ದು ಪ್ರೆಷರ್ ಕುಕ್ಕರ್‌ಗಳ ಪಕ್ಕದಲ್ಲಿ. ಸೇಲ್ಸ್ ಹುಡುಗನ ಮೊದಲ ಮಾತು ಎಲ್ಲ ಕಡೆಯೂ ಕೇಳಿಬರುವುದೇ: ‘ಎಣ್ಣೇನೇ ಬೇಡ ಮೇಡಂ. ಎಲ್ಲಾನೂ ಕರೀಬೌದು.’ ಇದರಲ್ಲಿ ಎರಡು ಮಾತಿದೆ, ಎರಡೂ ಪೂರ್ತಿ ನಿಜವಲ್ಲ. ಬುಟ್ಟಿಯನ್ನು ಹೊರಗೆಳೆದು, ಖಾಲಿ ಗೂಡಿನೊಳಗೆ ಬಗ್ಗಿ ಮೇಲಕ್ಕೆ ನೋಡಿದರೆ ಅದರ ಗುಟ್ಟೆಲ್ಲ ಕಾಣುತ್ತದೆ. ಸೂರಿನಲ್ಲಿ ಸುರುಳಿ ಸುತ್ತಿದ ಹೀಟಿಂಗ್ ಕಾಯಿಲ್, ಅದರ ಹಿಂದೆ ಒಂದು ಫ್ಯಾನು. ಕಾಯಿಲ್ ಕಾಯುತ್ತದೆ, ಫ್ಯಾನು ಆ ಕಾವನ್ನು ಸಣ್ಣ ಗೂಡಿನಲ್ಲಿ ಜೋರಾಗಿ ಸುತ್ತಿಸುತ್ತದೆ. ಬುಟ್ಟಿಯ ತಳದ ತೂತುಗಳಿಂದ ಗಾಳಿ ಕೆಳಕ್ಕೂ ಹಾಯುತ್ತದೆ. ಸಾಮಾನ್ಯವಾಗಿ 80ರಿಂದ 200 ಡಿಗ್ರಿವರೆಗೆ ಕಾವು ಇಟ್ಟುಕೊಳ್ಳಬಹುದು. ಅಂದರೆ ಇದು ಕರಿಯುವ ಯಂತ್ರವಲ್ಲ, ಫ್ಯಾನಿರುವ ಪುಟ್ಟ ಓವನ್.

ನೆದರ್ಲೆಂಡ್ಸ್‌ನ ಫ್ರೆಡ್ ವ್ಯಾನ್ ಡರ್ ವೇ ಎಂಬಾತ ಮನೆಯಲ್ಲೇ ಎಣ್ಣೆ ಕಡಿಮೆ ಹಾಕಿ ಗರಿಗರಿ ಆಲೂ ಫ್ರೈಸ್ ಮಾಡಬೇಕೆಂದು ಹೊರಟು ರೂಪಿಸಿದ ಸಾಧನ ಇದು. 2010ರಲ್ಲಿ ಬರ್ಲಿನ್‌ನ ಮೇಳದಲ್ಲಿ ಫಿಲಿಪ್ಸ್ ಕಂಪನಿ ಅದನ್ನು ಜಗತ್ತಿಗೆ ತೋರಿಸಿತು. ಈಗ ಫಿಲಿಪ್ಸ್ ಜೊತೆಗೆ ನಮ್ಮ ಕುಕ್ಕರ್ ಕಂಪನಿಗಳದ್ದೂ ಇವೆ, ಹೆಸರು ಕೇಳದವರದ್ದೂ ಇವೆ. ಬೆಲೆ ನಾಲ್ಕು ಸಾವಿರದ ಆಸುಪಾಸಿನಿಂದ ಶುರುವಾಗಿ ಹತ್ತು, ಹನ್ನೆರಡು ಸಾವಿರದವರೆಗೂ ಹೋಗುತ್ತದೆ. ಎಲ್ಲದರೊಳಗೂ ಇರುವುದು ಅದೇ ಕಾಯಿಲ್, ಅದೇ ಫ್ಯಾನು. ಹೆಚ್ಚಿನ ದುಡ್ಡು ಹೋಗುವುದು ಗಾತ್ರಕ್ಕೆ, ಬುಟ್ಟಿಯ ಕೋಟಿಂಗಿಗೆ, ಟಚ್ ಪ್ಯಾನೆಲ್‌ಗೆ, ಕಿಟಕಿಯ ಗಾಜಿಗೆ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಲೀಟರ್. 4 ಲೀಟರ್, 4.5 ಲೀಟರ್, 6 ಲೀಟರ್. ಸಾರು ಕಾಯಿಸುವುದಾದರೆ ಲೀಟರ್ ಬೇಕು. ಇಲ್ಲಿ ಬೇಕಾದ್ದು ತಳದ ಅಗಲ. ಪದಾರ್ಥ ಒಂದೇ ಪದರದಲ್ಲಿ ಹರಡಿಕೊಂಡರೆ ಮಾತ್ರ ಎಲ್ಲ ಕಡೆ ಗಾಳಿ ತಾಗಿ ಗರಿಯಾಗುತ್ತದೆ. ಬುಟ್ಟಿ ಆಳವಾಗಿದ್ದು ತಳ ಕಿರಿದಾಗಿದ್ದರೆ ಲೀಟರ್ ಲೆಕ್ಕ ಹಿಗ್ಗುತ್ತದೆ, ವಡೆ ಹಿಗ್ಗುವುದಿಲ್ಲ. ಟೇಪು ಒಯ್ಯಬೇಕಿಲ್ಲ, ಕೈ ಒಳಗಿಟ್ಟು ಗೇಣು ಹಾಕಿದರೆ ಸಾಕು. ತಳ ಒಂದು ಗೇಣು ಚೌಕ, ಅಂದರೆ ಇಪ್ಪತ್ತು ಸೆಂಟಿಮೀಟರ್ ಚಿಲ್ಲರೆ ಇದ್ದರೆ, ಆರು ಸೆಂಟಿಮೀಟರ್ ಅಗಲದ ಮಸಾಲೆ ವಡೆ ಮೂರು ಸಾಲಿನಲ್ಲಿ ಒಂಬತ್ತು ಕೂರುತ್ತವೆ. ಆರು ಜನರ ಮನೆಯಲ್ಲಿ ತಲೆಗೆ ಮೂರರಂತೆ ಹದಿನೆಂಟು ಬೇಕು. ಎರಡು ಸರದಿ, ಸರದಿಗೆ ಹದಿನೈದು ನಿಮಿಷ, ಒಟ್ಟು ಅರ್ಧ ಗಂಟೆ. ಬಾಣಲೆಯಲ್ಲಾದರೆ ಅಷ್ಟು ಹೊತ್ತಿಗೆ ವಡೆ ಕರಿದು ಕಾಫಿಯೂ ಮುಗಿದಿರುತ್ತದೆ.

ಈ ಲೆಕ್ಕವನ್ನು ಅಂಗಡಿಯವರ ಎದುರಿಗಿಟ್ಟಾಗ ಅವರು ನಕ್ಕು, ‘ನೀವೇಳೋದು ಸರೀನೆ. ಇಬ್ರು ಮೂರು ಜನಕ್ಕೆ ನಾಕು ಲೀಟ್ರು, ಜಾಸ್ತಿ ಜನ ಇದ್ರೆ ಆರರ ಮೇಲೇನೇ ತಗೋಬೇಕು’ ಎಂದರು. ಗೋಲ ಬುಟ್ಟಿಗಿಂತ ಚೌಕದ್ದು ಮೇಲು, ಮೂಲೆಯ ಜಾಗವೂ ಸಿಗುತ್ತದೆ. ತಿರುಗಿಸುವ ಗುಂಡಿ ಸಾಕೋ ಟಚ್ ಬೇಕೋ ಎಂದರೆ, ಒದ್ದೆ ಕೈ, ಹಿಟ್ಟಿನ ಕೈಯಲ್ಲಿ ಕೆಲಸ ಮಾಡುವವರಿಗೆ ಗುಂಡಿಯೇ ವಾಸಿ. ಕನ್ನಡಕ ಹುಡುಕಿಕೊಂಡು ಬರುವ ಅತ್ತೆಗೂ ಅದೇ ವಾಸಿ.

ಹುಣಸೂರು: ಗಾಳಿ ಆಡಬೇಕು ಕಣಕ್ಕ

ಕೆ.ಆರ್. ನಗರ ಬಿಟ್ಟು ಹುಣಸೂರಿನ ಕಡೆ ಬರುತ್ತಿದ್ದಂತೆ ಗದ್ದೆ ಹಿಂದೆ ಸರಿದು ಹೊಲದ ಬದಿಯಲ್ಲಿ ಎತ್ತರದ ಗೋಡೆಯ, ಕಿಟಕಿಯಿಲ್ಲದ ಕಟ್ಟಡಗಳು ಕಾಣತೊಡಗುತ್ತವೆ. ತಂಬಾಕು ಬೇಯಿಸುವ ಬ್ಯಾರನ್‌ಗಳು. ಲಕ್ಷ್ಮಣತೀರ್ಥ ದಾಟಿದರೂ ಅವೇ, ಪಿರಿಯಾಪಟ್ಟಣದವರೆಗೂ ಅವೇ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಸೊಪ್ಪು ಹಾಕುವ ರೈತರ ಮನೆಯೊಂದರಲ್ಲಿ ಏರ್‌ಫ್ರೈಯರ್ ಇದೆಯೆಂದು ಗೊತ್ತಾಗಿ ಅಲ್ಲಿಗೆ ಹೋದೆ. ಮೈಸೂರಿನಲ್ಲಿ ಓದುವ ಮಗ ಕೊಡಿಸಿದ್ದಂತೆ. ರಾಗಿ ಡ್ರಮ್ಮಿನ ಪಕ್ಕ, ಮಿಕ್ಸಿಯ ಮೇಲಿನ ಕಟ್ಟೆಯಲ್ಲಿ ಅದಕ್ಕೆ ಜಾಗವಾಗಿತ್ತು.

ಮನೆಯಾಕೆ ಅಂದು ಮಾಡುತ್ತಿದ್ದುದು ಜಿಲೇಬಿ ಮೀನು. ಗೆರೆ ಹಾಕಿ ಕೊಯ್ದ ಮೀನಿಗೆ ಖಾರದಪುಡಿ, ಅರಿಶಿನ, ಶುಂಠಿ ಬೆಳ್ಳುಳ್ಳಿ, ಹುಣಸೆಹುಳಿ, ಒಂದು ಹಿಡಿ ಅಕ್ಕಿಹಿಟ್ಟು. ಮಸಾಲೆ ಮೆತ್ತಿ ಇಟ್ಟಿದ್ದ ಮೀನನ್ನು ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ನಾಲ್ಕೇ ನಾಲ್ಕು ಇಟ್ಟರು. ಬೆರಳಿನಿಂದ ಎಣ್ಣೆ ಸವರಿದರು. 180 ಡಿಗ್ರಿ. ಏಳೆಂಟು ನಿಮಿಷಕ್ಕೆ ಬುಟ್ಟಿ ಎಳೆದು ಮಗುಚಿ, ಮತ್ತೆ ಅಷ್ಟೇ ಹೊತ್ತು. ಹೊರಬಂದ ಮೀನಿನ ಅಂಚು ಕೆಂಪಗೆ ಗರಿಯಾಗಿತ್ತು, ಗೆರೆಗಳ ಒಳಗಿನ ಮಾಂಸ ಬೆಳ್ಳಗೆ, ನೀರು ಬತ್ತದೆ ಹಾಗೇ ಇತ್ತು. ಕಾವಲಿಯಲ್ಲಿ ಸುಟ್ಟ ಮೀನಿನ ರುಚಿಯೇ ಬೇರೆ, ಅದು ಇದಕ್ಕೆ ಬಂದಿರಲಿಲ್ಲ. ಆದರೆ ಒಲೆಯ ಮುಂದೆ ನಿಂತು ಕಾಯುವ ಕೆಲಸ ತಪ್ಪಿತ್ತು, ಎಣ್ಣೆ ಸಿಡಿದು ಗೋಡೆಗೆ ಹಾರಿರಲಿಲ್ಲ, ತಳಕ್ಕೆ ಹತ್ತಿ ಮಸಾಲೆಯೆಲ್ಲ ಕಾವಲಿ ಪಾಲಾಗಿರಲಿಲ್ಲ.

‘ಇನ್ನೂ ಎರಡು ಹಿಡಿಸ್ತಿತ್ತಲ್ಲ?’ ಎಂದೆ.

‘ಹಿಡಿಸ್ತದೆ, ಬೇಯಲ್ಲ’ ಎಂದರು ಆಕೆ. ‘ಬ್ಯಾರನ್ನಿಗೆ ಕಡ್ಡಿ ಒತ್ತೊತ್ತಾಗಿ ಏರ್ಸುದ್ರೆ ಏನಾಯ್ತದೆ? ಸೊಪ್ಪು ಬೆವತು ಕರ್ರಗಾಯ್ತದೆ. ಇದೂ ಹಂಗೇ. ಗಾಳಿ ಆಡಬೇಕು ಕಣಕ್ಕ.’

ಏರ್‌ಫ್ರೈಯರ್ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವಿವರಣೆ ಇದು. ಬ್ಯಾರನ್ನಿನಲ್ಲಿ ಒಲೆ ಹೊರಗಿರುತ್ತದೆ. ಸೌದೆಯ ಬೆಂಕಿ, ಹೊಗೆ ಎರಡೂ ಕಬ್ಬಿಣದ ಕೊಳವೆಯೊಳಗೆ ಹಾದುಹೋಗುತ್ತವೆ; ಸೊಪ್ಪಿಗೆ ತಾಗುವುದು ಕೊಳವೆಯಿಂದ ಬಿಟ್ಟ ಬಿಸಿ ಗಾಳಿ ಮಾತ್ರ. ಕಡ್ಡಿಗೆ ಕಟ್ಟಿದ ಹಸಿ ಎಲೆ ಮೊದಲು ಸಣ್ಣ ಕಾವಿನಲ್ಲಿ ಹಳದಿ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ 70 ಡಿಗ್ರಿ ಆಸುಪಾಸಿಗೆ ಏರಿಸಿದಾಗ ನಡುವಿನ ದಂಟು ಒಣಗಬೇಕು. ಐದಾರು ದಿನದ ಕೆಲಸ. ಕಾವು ಎಷ್ಟಿದ್ದರೂ ಎಲೆ ಬಿಟ್ಟ ನೀರಾವಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಬೆಳೆ ಕೆಡುತ್ತದೆ. ಏರ್‌ಫ್ರೈಯರ್‌ನಲ್ಲಿ ಕಾವು ಹೆಚ್ಚು, ಸಮಯ ಕಡಿಮೆ, ಲೆಕ್ಕ ಅದೇ. ಗಾಳಿ ಮೇಲ್ಮೈಯ ನೀರನ್ನು ಮೊದಲು ಒಯ್ಯಬೇಕು, ಆಮೇಲೆ ಮೇಲ್ಮೈ ಕೆಂಪಗಾಗುತ್ತದೆ. ಬುಟ್ಟಿ ತುಂಬಿದರೆ ಪದಾರ್ಥ ತನ್ನ ಆವಿಯಲ್ಲಿ ತಾನೇ ಬೆಂದು ಮೆತ್ತಗಾಗುತ್ತದೆ. ಕಬಾಬ್ ಮಾಡಲು ಹೋಗಿ ಚಿಕನ್ ಬೇಯಿಸಿಕೊಂಡೆವು ಎನ್ನುವವರೆಲ್ಲ ಮಾಡುವುದು ಇದನ್ನೇ.

ಆಕೆಯೂ ಅಕ್ಕಪಕ್ಕದ ಮನೆಯವರೂ ಕೂಡಿ ಹೇಳಿದ ಪಟ್ಟಿ ಹೀಗಿದೆ. ಚೆನ್ನಾಗಿ ಆಗುವವು: ಮಸಾಲೆ ಮೆತ್ತಿದ ಮೀನು, ಚಿಕನ್ ಕಬಾಬ್, ಸೀಳಿದ ಬೆಂಡೆಕಾಯಿ, ಬಿಲ್ಲೆ ಮಾಡಿದ ಹಾಗಲಕಾಯಿ, ಆಲೂಗಡ್ಡೆ, ಗೆಣಸು, ಹಸಿ ಕಡಲೆಕಾಯಿ ಬೀಜ. ಗೊಜ್ಜಿಗೆ ಬದನೆಕಾಯಿಯೂ ಆಗುತ್ತದೆ. ಎಣ್ಣೆ ಸವರಿ, ಚಾಕುವಿನಲ್ಲಿ ಒಂದೆರಡು ಕಡೆ ಚುಚ್ಚಿಟ್ಟರೆ ಸಿಪ್ಪೆ ಸುಲಿದು ಬರುತ್ತದೆ. ಆದರೆ ಕೆಂಡದ ಹೊಗೆಯ ವಾಸನೆ ಬರುವುದಿಲ್ಲ, ಆ ವಾಸನೆ ಇಲ್ಲದ ಸುಟ್ಟ ಬದನೆಕಾಯಿ ಗೊಜ್ಜನ್ನು ಈ ಕಡೆ ಯಾರೂ ಒಪ್ಪುವುದಿಲ್ಲ. ಮಸಾಲೆ ವಡೆ ಪರವಾಗಿಲ್ಲ, ಎಣ್ಣೆ ಸವರದಿದ್ದರೆ ಹಲ್ಲಿಗೆ ಕೆಲಸ. ಹಪ್ಪಳ ಆಗುತ್ತದೆ, ಆದರೆ ಹಗುರ. ಫ್ಯಾನಿನ ರಭಸಕ್ಕೆ ಹಾರಿ ಕಾಯಿಲ್‌ಗೆ ತಾಗಿ ಸೀಯುತ್ತದೆ, ಮೇಲೊಂದು ಜಾಲರಿ ಇಡಬೇಕು.

ಆಗದವು: ಬೋಂಡಾ, ಬಜ್ಜಿ. ಹಿಟ್ಟು ತೂತಿನಿಂದ ಸೋರುತ್ತದೆ. ಬಾಣಲೆಯಲ್ಲಿ ಬಿಸಿ ಎಣ್ಣೆ ಹಿಟ್ಟನ್ನು ಸುತ್ತಲಿಂದ ಒಮ್ಮೆಗೇ ಹಿಡಿದು ಗಟ್ಟಿ ಮಾಡುತ್ತದೆ, ಗಾಳಿಗೆ ಆ ಶಕ್ತಿಯಿಲ್ಲ. ಅದೇ ಕಾರಣಕ್ಕೆ ಪೂರಿ ಉಬ್ಬದು, ಸಂಡಿಗೆ ಅರಳದು. ಚಕ್ಕುಲಿ, ಕೋಡುಬಳೆ, ಕಜ್ಜಾಯ ಬಾಣಲೆಯ ಆಸ್ತಿ, ಅಲ್ಲಿಯೇ ಇರಲಿ. ‘ಎಲ್ಲಾನೂ ಕರೀಬೌದು’ ಎಂಬ ಮಾತಿಗೆ ಇಲ್ಲಿಗೆ ತೆರೆ ಬಿತ್ತು.

ಇನ್ನು ‘ಎಣ್ಣೇನೇ ಬೇಡ’ ಎಂಬುದು. ತನ್ನಲ್ಲೇ ಕೊಬ್ಬಿರುವ ಚಿಕನ್ ತೊಡೆಗೆ ಬೇಡ. ತರಕಾರಿಗೆ, ವಡೆಗೆ ಒಂದೆರಡು ಚಮಚ ಬೇಕೇ ಬೇಕು, ಇಲ್ಲವಾದರೆ ಮೇಲ್ಮೈ ಗರಿಯಾಗದೆ ಒಣಗುತ್ತದೆ. ಉಳಿತಾಯ ಇರುವುದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಒಗ್ಗರಣೆಗೆ, ಮತ್ತೆ ಕರಿಯಲು ಬಳಸುವುದು ರೂಢಿ. ಎಣ್ಣೆ ಪದೇ ಪದೇ ಕಾದಷ್ಟೂ ಅದರಲ್ಲಿ ಕೆಟ್ಟ ಸಂಯುಕ್ತಗಳು ಸೇರುತ್ತವೆ. ಅವುಗಳ ಪ್ರಮಾಣ ಶೇ 25 ದಾಟಿದ ಎಣ್ಣೆಯನ್ನು ಹೋಟೆಲ್‌ಗಳು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯ ಬಾಣಲೆಯನ್ನು ಅಳೆಯುವವರಿಲ್ಲ. ವಾರಕ್ಕೆರಡು ಸಲ ಮೀನು, ಕಬಾಬ್ ಕರಿಯುವ ಮನೆಯಲ್ಲಿ ಆ ಕರಿದ ಎಣ್ಣೆಯ ಡಬ್ಬಿ ಇಲ್ಲವಾಗುವುದೇ ಏರ್‌ಫ್ರೈಯರ್‌ನ ದೊಡ್ಡ ಲಾಭ. ಹಾಗೆಂದು ಅದರಲ್ಲಿ ಮಾಡಿದ್ದೆಲ್ಲ ಆರೋಗ್ಯಕ್ಕೆ ಒಳ್ಳೆಯದೆಂದಲ್ಲ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥ 120 ಡಿಗ್ರಿ ಮೇಲಿನ ಒಣ ಕಾವಿಗೆ ಸಿಕ್ಕರೆ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ; 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಬಯಲಿಗಿಟ್ಟರು. ಎಣ್ಣೆಯಾದರೂ ಗಾಳಿಯಾದರೂ ಅದು ಹುಟ್ಟುತ್ತದೆ. ಹೊಂಬಣ್ಣಕ್ಕೆ ತೆಗೆಯಿರಿ, ಕಂದು ತಿರುಗಲು ಬಿಡಬೇಡಿ.

ಪಿರಿಯಾಪಟ್ಟಣ: ಪ್ಲಗ್ಗು, ಯೂನಿಟ್ಟು

ಹುಣಸೂರಿನಿಂದ ಮಡಿಕೇರಿ ಹೆದ್ದಾರಿಯಲ್ಲಿ ಮುಂದೆ ಹೋದರೆ ಪಿರಿಯಾಪಟ್ಟಣ. ಚಂಗಾಳ್ವರು ಆಳಿದ ಕೋಟೆಯ ಊರು, ಮಸಣೀಕಮ್ಮನ ಊರು. ಇಲ್ಲಿ ನಾನು ಮೊದಲು ಹುಡುಕಿದ್ದು ವೈರಿಂಗ್ ಕೆಲಸ ಮಾಡುವವರ ಅಂಗಡಿ. ಏರ್‌ಫ್ರೈಯರ್ ಕೊಂಡವರು ಎರಡನೆಯದಾಗಿ ಬರುವುದು ಅವರ ಬಳಿಗೇ.

‘ಅಕ್ಕ, ಮಷಿನ್ ತಂದು ಪ್ಲಗ್ ಹಾಕೋಕೆ ಹೋದ್ರೆ ಕಡ್ಡಿ ದಪ್ಪ, ತೂತು ಸಣ್ಣ. ಆಗ ಕನ್ವರ್ಷನ್ ಪ್ಲಗ್ ಕೇಳ್ಕೊಂಡು ಬತ್ತಾರೆ. ನಾನ್ ಕೊಡಲ್ಲ’ ಎಂದರು ಅಂಗಡಿಯವರು.

ಕೊಡದಿರಲು ಕಾರಣವಿದೆ. ಏರ್‌ಫ್ರೈಯರ್‌ನ ತಳ ತಿರುಗಿಸಿದರೆ ಒಂದು ಚೀಟಿ ಅಂಟಿಸಿರುತ್ತದೆ, ಅದರಲ್ಲಿ ವ್ಯಾಟ್ ಬರೆದಿರುತ್ತದೆ: 1200ರಿಂದ 1800ರವರೆಗೆ, ಬಹುಪಾಲು 1400, 1500. ಟಿ.ವಿ., ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟ್ ಲೆಕ್ಕದಲ್ಲಿ ಅದು ತಾಳುವುದು 1380 ವ್ಯಾಟ್ ಮಾತ್ರ. 1500 ವ್ಯಾಟಿನ ಯಂತ್ರಕ್ಕೆ 16 ಆಂಪಿಯರ್ ಪವರ್ ಪ್ಲಗ್ ಬೇಕು, ಅದಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ಎಳೆದಿರಬೇಕು, ಅರ್ಥಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಪವರ್ ಪ್ಲಗ್ ಇರುವುದು ಬಚ್ಚಲಿನ ಗೀಸರ್‌ಗೆ, ಬಿಟ್ಟರೆ ಫ್ರಿಜ್‌ಗೆ. ಅಡುಗೆಕಟ್ಟೆಯ ಹತ್ತಿರ ಇರುವುದು ಮಿಕ್ಸಿಗೆಂದು ಹಾಕಿಸಿದ ಸಣ್ಣ ಸಾಕೆಟ್. ಅಡಾಪ್ಟರ್ ಸಿಕ್ಕಿಸಿ ಏರ್‌ಫ್ರೈಯರ್ ಓಡಿಸಿದರೆ ಗೋಡೆಯೊಳಗಿನ ಸಣ್ಣ ವೈರು ಕಾಯುತ್ತದೆ. ಕರಗಿ ಕಪ್ಪಾದ ಸಾಕೆಟ್‌ಗಳನ್ನು ಅವರು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಕೇಳಿದವರಿಗೆ ಉತ್ತರದ ಬದಲು ಅದನ್ನೇ ತೋರಿಸುತ್ತಾರೆ. ಏರ್‌ಫ್ರೈಯರ್ ಬೆಲೆಯ ಜೊತೆಗೆ ಹೊಸ ಪಾಯಿಂಟ್ ಹಾಕಿಸುವ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳುವುದು ಜಾಣತನ. ಇಂಡಕ್ಷನ್ ಸ್ಟೌಗೆಂದು ಪವರ್ ಪಾಯಿಂಟ್ ಮಾಡಿಸಿಕೊಂಡವರಿಗೆ ಈ ತಾಪತ್ರಯವಿಲ್ಲ, ಎರಡನ್ನೂ ಒಟ್ಟಿಗೆ ಓಡಿಸದಿದ್ದರಾಯಿತು.

ಎರಡನೆಯ ಪ್ರಶ್ನೆ ಬಿಲ್ಲಿನದು. 1500 ವ್ಯಾಟಿನ ಯಂತ್ರ ಬಿಡದೆ 20 ನಿಮಿಷ ಉರಿದರೆ ಅರ್ಧ ಯೂನಿಟ್. ಕಾವು ಏರಿದ ಮೇಲೆ ಥರ್ಮೋಸ್ಟಾಟ್ ಆಗಾಗ ಕಾಯಿಲ್ ಆರಿಸುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ದಿನಕ್ಕೊಮ್ಮೆ ಬಳಸಿದರೆ ತಿಂಗಳಿಗೆ 10ರಿಂದ 15 ಯೂನಿಟ್.

ಇದು ಗೃಹಜ್ಯೋತಿಯ ಗೆರೆಯೊಳಗೆ ಕೂರುತ್ತದೆಯೇ ಎಂಬುದು ಈ ಕಡೆಯ ಎಲ್ಲ ಮನೆಗಳ ಪ್ರಶ್ನೆ. 2023ರ ಜುಲೈನಿಂದ ಜಾರಿಗೆ ಬಂದ ಯೋಜನೆಯಲ್ಲಿ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಕೊಡುವುದೆಂದು 2024ರಲ್ಲಿ ತೀರ್ಮಾನವಾಯಿತು. ಸರಾಸರಿ 60 ಇದ್ದ ಮನೆಯ ಮಿತಿ 66. ಏರ್‌ಫ್ರೈಯರ್ ಬಂದು ಬಳಕೆ 75ಕ್ಕೆ ಏರಿದರೆ ಮೇಲಿನ 9 ಯೂನಿಟ್‌ಗಷ್ಟೇ ದುಡ್ಡು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದರೂ ಐವತ್ತು, ಅರವತ್ತು ರೂಪಾಯಿ. ಅಷ್ಟಕ್ಕೆ ಹೆದರಬೇಕಿಲ್ಲ.

ಹೆದರಬೇಕಾದವರು ಬೇರೆ. ಫ್ರಿಜ್, ಗೀಸರ್, ವಾಷಿಂಗ್ ಮಷಿನ್ ಎಲ್ಲ ಇದ್ದು ತಿಂಗಳಿಗೆ 190ರ ಹತ್ತಿರ ಓಡಾಡುವ ಮನೆಗಳು. ಅಲ್ಲಿ 12 ಯೂನಿಟ್ ಹೆಚ್ಚಿದರೆ ಮೀಟರ್ 202 ತೋರಿಸುತ್ತದೆ, 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೂ ಕಟ್ಟಬೇಕು. ಸಾವಿರದ ಇನ್ನೂರು ಮೀರಿದ ಬಿಲ್ಲಿಗೆ ಕಾರಣ ಒಂದಿಷ್ಟು ಕಬಾಬ್ ಎಂದಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಸೆಸ್ಕ್‌ನವರು ಕೊಟ್ಟ ಕಳೆದ ಮೂರ್ನಾಲ್ಕು ತಿಂಗಳ ಬಿಲ್ಲು ತೆಗೆದು ನೋಡಿ.

ಪಿರಿಯಾಪಟ್ಟಣ ತಾಲ್ಲೂಕಿನದೇ ಆದ ಬೈಲಕುಪ್ಪೆಯಲ್ಲಿ ಈ ಯಂತ್ರದ ಇನ್ನೊಂದು ಉಪಯೋಗ ಕಂಡಿತು. 1960ರ ದಶಕದ ಆರಂಭದಲ್ಲಿ ನೆಲೆಯಾದ ಟಿಬೆಟನ್ ಕ್ಯಾಂಪುಗಳಿಗೆ ಹೊಂದಿಕೊಂಡ ಬೀದಿಯ ಒಂದು ಮನೆಯಲ್ಲಿ ರಾತ್ರಿ ಉಳಿದ ಹಬೆ ಮೊಮೊಗಳನ್ನು ಬೆಳಿಗ್ಗೆ ಎಣ್ಣೆ ಸವರಿ ಬುಟ್ಟಿಗೆ ಹಾಕುತ್ತಾರೆ. ಐದಾರು ನಿಮಿಷಕ್ಕೆ ಹೊರಪದರ ಗರಿಯಾಗುತ್ತದೆ. ಬೇಕರಿಯಿಂದ ತಂದು ತಣ್ಣಗಾದ ಪಫ್ಸು, ಗಾಡಿಯಿಂದ ತಂದ ಬೋಂಡಾ, ನಿನ್ನೆಯ ವಡೆ, ಇವೆಲ್ಲಕ್ಕೂ ಇದು ಜೀವ ಕೊಡುತ್ತದೆ. ಮೈಕ್ರೋವೇವ್‌ನಲ್ಲಿ ಇವು ಮೆತ್ತಗಾಗಿ ರಬ್ಬರಾಗುತ್ತವೆ. ಹಸಿ ಹಿಟ್ಟಿನ ಬೋಂಡಾ ಮಾಡಲಾಗದ ಯಂತ್ರ, ಕರಿದ ಬೋಂಡಾವನ್ನು ಮತ್ತೆ ಗರಿ ಮಾಡುವುದರಲ್ಲಿ ಎತ್ತಿದ ಕೈ.

ಎಚ್.ಡಿ. ಕೋಟೆ: ಕರೆಂಟು ಇದ್ದರೆ ತಾನೆ

ಹುಣಸೂರಿನಿಂದ ಹೆಗ್ಗಡದೇವನಕೋಟೆಯ ದಾರಿ ಹಿಡಿದು ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದರೆ ಮಾತಿನ ಧಾಟಿ ಬದಲಾಗುತ್ತದೆ. ಕಬಿನಿ ಹಿನ್ನೀರಿನ ಮೀನು ಇಲ್ಲಿ ಬೇಕಾದಷ್ಟು. ಆ ಲೆಕ್ಕದಲ್ಲಿ ಏರ್‌ಫ್ರೈಯರ್‌ಗೆ ಹೇಳಿ ಮಾಡಿಸಿದ ಊರು. ಆದರೆ ನಾಗರಹೊಳೆ ಅಂಚಿನ ಊರುಗಳಲ್ಲಿ ಮಳೆಗಾಲಕ್ಕೆ ಮರ ಬಿದ್ದು ಲೈನು ಹೋಗುವುದು, ಸಂಜೆ ಹೊತ್ತು ವೋಲ್ಟೇಜ್ ಇಳಿಯುವುದು ಹೊಸದೇನಲ್ಲ.

ವೋಲ್ಟೇಜ್ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಕಾಯಿಲ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಕೊಡುವ ಯಂತ್ರ, 190 ವೋಲ್ಟ್‌ನಲ್ಲಿ ಸಾವಿರ ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ. ವೋಲ್ಟೇಜ್ ಇಳಿದದ್ದು ಆರನೇ ಒಂದು ಭಾಗ, ಕಾವು ಇಳಿದದ್ದು ಮೂರನೇ ಒಂದು ಭಾಗ. ಫ್ಯಾನು ತಿರುಗುತ್ತಿರುತ್ತದೆ, ಟೈಮರ್ ಟಿಂಗ್ ಎನ್ನುತ್ತದೆ, ಚಿಕನ್ ಒಳಗೆ ಹಸಿ. ಪುಸ್ತಕದಲ್ಲಿ ಬರೆದ ನಿಮಿಷ ಇಲ್ಲಿ ನಡೆಯುವುದಿಲ್ಲ, ಬುಟ್ಟಿ ಎಳೆದು ಚುಚ್ಚಿ ನೋಡಬೇಕು. ಇಂಥ ಕಡೆ 1200 ವ್ಯಾಟಿನದ್ದು ತರುವುದಕ್ಕಿಂತ 1500ರ ಮೇಲಿನದ್ದೇ ವಾಸಿ. ಯು.ಪಿ.ಎಸ್. ನಂಬಿಕೊಳ್ಳುವ ಹಾಗಿಲ್ಲ, ಮನೆಗಳಲ್ಲಿರುವ 900 ವಿ.ಎ.ಯಂಥ ಇನ್ವರ್ಟರ್ ಲೈಟು, ಫ್ಯಾನಿಗೆ ಸೈ, ಇದರ ಭಾರ ತಡೆಯದು. ಊರಾಚೆಯ ತೋಟದ ಮನೆಗಳದ್ದು ಇನ್ನೊಂದು ಕಥೆ. ಊರಿಗೆ ನಿರಂತರ ಜ್ಯೋತಿಯ ಪ್ರತ್ಯೇಕ ಲೈನು ಇದ್ದರೂ ಪಂಪ್‌ಸೆಟ್ ಲೈನಿನಲ್ಲಿರುವ ಮನೆಗೆ ಕರೆಂಟು ಬರುವುದು ಸರದಿಯ ಮೇಲೆ. ಅಂಥವರಿಗೆ ಗ್ಯಾಸ್ ಒಲೆ, ದಪ್ಪ ತಳದ ಕಾವಲಿಗಿಂತ ಒಳ್ಳೆಯ ಸಾಧನ ಸದ್ಯಕ್ಕಿಲ್ಲ.

ಕೋಟೆಯ ಅಂಗಡಿಯೊಂದರಲ್ಲಿ ಹಿರಿಯ ಗಿರಾಕಿಯೊಬ್ಬರು ಬೆಲೆ ಕೇಳುವ ಮೊದಲೇ ಕೇಳಿದ ಪ್ರಶ್ನೆ ನನಗೆ ಹಿಡಿಸಿತು: ‘ಕೆಟ್ರೆ ಎಲ್ಲಿಗ್ ತರಬೇಕು?’ ಅಂಗಡಿಯವರು ಮೈಸೂರಿನ ಸರ್ವಿಸ್ ಸೆಂಟರ್ ಹೆಸರು ಹೇಳಿದರು. ಐವತ್ತು ಕಿಲೋಮೀಟರ್ ಆಸುಪಾಸು, ಹೋಗಿ ಬರುವುದಕ್ಕೆ ಒಂದು ದಿನದ ಕೂಲಿ ಹೋಯಿತು. ‘ಬುಟ್ಟಿ ಒಂದೇ ಸಿಗ್ತದಾ?’ ಎಂಬುದು ಅವರ ಎರಡನೆಯ ಪ್ರಶ್ನೆ. ಅದು ಇನ್ನೂ ಒಳ್ಳೆಯ ಪ್ರಶ್ನೆ. ಏರ್‌ಫ್ರೈಯರ್‌ನಲ್ಲಿ ಮೊದಲು ಹಾಳಾಗುವುದು ಮೋಟಾರಲ್ಲ, ಬುಟ್ಟಿಯ ನಾನ್‌ಸ್ಟಿಕ್ ಕೋಟಿಂಗ್. ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು ತಾಗಿದರೆ ಕೆಲವೇ ತಿಂಗಳಲ್ಲಿ ಏಳುತ್ತದೆ. ಬಿಸಿ ನೀರಲ್ಲಿ ನೆನೆಹಾಕಿ ಮೆತ್ತನೆಯ ಸ್ಪಾಂಜಿನಲ್ಲಿ ಒರೆಸಬೇಕು, ಮಗುಚಲು ಮರದ ಸೌಟು ಬಳಸಬೇಕು. ಬಿಡಿ ಬುಟ್ಟಿ ಸಿಗದ ಕಂಪನಿಯ ಯಂತ್ರ ಅಗ್ಗಕ್ಕೆ ಸಿಕ್ಕಿದರೂ ಕೋಟಿಂಗ್ ಎದ್ದ ದಿನವೇ ಅದರ ಆಯಸ್ಸು ಮುಗಿಯಿತು.

ಹಾಗಾದರೆ ಯಾವುದು?

ನಾಲ್ಕೂ ಊರು ಸುತ್ತಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಯಾವ ಕಂಪನಿ ಎಂಬುದು ಕೊನೆಯ ಪ್ರಶ್ನೆ. ಮೊದಲು ನಿಮ್ಮ ಒಲೆಯ ಮೇಲೆ ಒಂದು ವಾರದಲ್ಲಿ ಏನೇನಾಗುತ್ತದೆ ಎಂದು ನೆನೆಸಿಕೊಳ್ಳಿ. ಮುದ್ದೆ, ಅನ್ನ, ಬಸ್ಸಾರು, ಪಲ್ಯ, ಹಬ್ಬಕ್ಕೆ ಮಾತ್ರ ಕರಿಯುವುದು ಎಂದಾದರೆ ಏರ್‌ಫ್ರೈಯರ್‌ಗೆ ನಿಮ್ಮ ಮನೆಯಲ್ಲಿ ಕೆಲಸವಿಲ್ಲ. ಆ ದುಡ್ಡಿಗೆ ಒಳ್ಳೆಯ ಮಿಕ್ಸಿ ಬಂದೀತು. ವಾರಕ್ಕೆರಡು ಮೂರು ಸಲ ಮೀನು, ಕಬಾಬ್, ಹುರಿದ ತರಕಾರಿ ಆಗುತ್ತದೆ, ಮಕ್ಕಳು ಶಾಲೆಯಿಂದ ಬಂದ ಕೂಡಲೇ ಏನಾದರೂ ಬಿಸಿಯಾಗಿ ಬೇಕೆನ್ನುತ್ತಾರೆ, ಮನೆಯಲ್ಲಿ ಕರಿದ ಎಣ್ಣೆ ಬಿಡಿ ಎಂದು ಡಾಕ್ಟರು ಹೇಳಿದವರಿದ್ದಾರೆ, ಇಂಥ ಮನೆಯಲ್ಲಿ ಅದು ದಿನವೂ ದುಡಿಯುತ್ತದೆ.

ಇಬ್ಬರು ಮೂವರಿಗೆ 4 ಲೀಟರ್ ಆಸುಪಾಸಿನದು, ಗುಂಡಿ ತಿರುಗಿಸುವಂಥದು ಧಾರಾಳ ಸಾಕು. ಐದಾರು ಜನರಿದ್ದರೆ 6 ಲೀಟರ್ ಮೇಲಿನ ಚೌಕ ಬುಟ್ಟಿಯದು. ಅದಕ್ಕಿಂತ ಚಿಕ್ಕದು ತಂದರೆ ಸರದಿ ಕಾಯುತ್ತ ಕೂರುವ ಮನೆಯವರು ಒಂದೇ ತಿಂಗಳಲ್ಲಿ ಬಾಣಲೆಗೆ ಮರಳುತ್ತಾರೆ. ಏಳೆಂಟು ಜನರ ಕೂಡು ಕುಟುಂಬಕ್ಕೆ ಊಟದ ಅಡುಗೆಗೆ ಇದು ಸಾಲದು, ಸಂಜೆಯ ತಿಂಡಿಗೂ ಬಿಸಿ ಮಾಡಲೂ ಮಾತ್ರ ಎಂದು ತಿಳಿದು ಕೊಂಡರೆ ಬೇಸರವಿರುವುದಿಲ್ಲ. ಆನ್‌ಲೈನಿನಲ್ಲಿ ನೂರಿನ್ನೂರು ಕಡಿಮೆಗೆ ಸಿಕ್ಕರೂ ಊರಿನ ಅಂಗಡಿಯಲ್ಲಿ ಬುಟ್ಟಿಗೆ ಗೇಣು ಹಾಕಿ ನೋಡಬಹುದು, ತಳದ ಚೀಟಿ ಓದಬಹುದು, ಪ್ಲಗ್ಗಿನ ಕಡ್ಡಿ ದಪ್ಪವೋ ಸಣ್ಣವೋ ಕಾಣುತ್ತದೆ, ಕೆಟ್ಟರೆ ಕೇಳಲು ಒಂದು ಮುಖವಿರುತ್ತದೆ.

ತಂದ ಮೇಲೆ ಮೊದಲ ದಿನವೇ ಬೋಂಡಾ ಮಾಡಲು ಹೋಗಬೇಡಿ. ಗೆಣಸಿನಿಂದ ಶುರು ಮಾಡಿ. ಒಂದು ಗೇಣು ತಳ, ಒಂದು ಪದರ, ಒಂದು ಚಮಚ ಎಣ್ಣೆ, ನಡುವೆ ಒಮ್ಮೆ ಮಗುಚುವುದು. ಇಷ್ಟು ಕೈಗೆ ಹತ್ತಿದರೆ ಉಳಿದದ್ದನ್ನು ಯಂತ್ರದ ಜೊತೆ ಕೊಟ್ಟ ಪುಸ್ತಕ ಹೇಳಬೇಕಿಲ್ಲ, ನಿಮ್ಮ ಮನೆಯ ವೋಲ್ಟೇಜೇ ಹೇಳಿಕೊಡುತ್ತದೆ.